ದೊಡ್ಡಮ್ಮನಿಗೆ ಹೊಲಿದ ಈಜುಡುಗೆ

ಮದುವೆ ಕಾಲ. ಯಲಹಂಕ ಹಳೇ ಪೇಟೆಯ ನನ್ನ ಅಂಗಡಿಯಲ್ಲಿ ರವಿಕೆ ಬಟ್ಟೆಗಳು ಕಪಾಟು ತುಂಬಿ, ಸ್ಟೂಲಿನ ಮೇಲೇರಿ, ಅಲ್ಲಿಂದ ನೆಲಕ್ಕಿಳಿದಿದ್ದವು. ಅಂಥ ಒಂದು ಮಧ್ಯಾಹ್ನ ರಾಜಾನುಕುಂಟೆ ಕಡೆಯ ಒಂದು ಮನೆಯ ಹಿರಿ ಸೊಸೆ ಬಂದು, ಬೇರೆ ಗಿರಾಕಿಗಳು ಹೋಗುವವರೆಗೂ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ಕೊನೆಯವರು ಮೆಟ್ಟಿಲಿಳಿದ ಮೇಲೆ ಫೋನು ತೆಗೆದು ಒಂದು ಚಿತ್ರ ತೋರಿಸಿದಳು.

“ಅಕ್ಕ, ಇದನ್ನ ನೀವು ಹೊಲಿಯೋಕಾಗುತ್ತಾ?”

ನೀರಿಗಿಳಿಯುವಾಗ ಹಾಕುವ ಬಟ್ಟೆ. ಸಿನಿಮಾದಲ್ಲಿ ಕಾಣುವಂಥದ್ದಲ್ಲ, ಮುಂಗೈವರೆಗೆ ತೋಳು, ಕಣಕಾಲಿನವರೆಗೆ ಕಾಲು, ಮೇಲೊಂದು ಮಂಡಿ ಮುಚ್ಚುವ ಲಂಗ.

“ನಿಮಗಾ?” ಅಂದೆ.

“ನನಗೊಂದು, ನನ್ನ ವಾರಗಿತ್ತಿಗೊಂದು. ಮುಖ್ಯವಾಗಿ ನಮ್ಮತ್ತೆಗೆ.”

ನಾನು ಸೂಜಿ ಕೆಳಗಿಟ್ಟೆ. ಅವಳ ಅತ್ತೆಯನ್ನು ಆ ಕಡೆಯವರೆಲ್ಲ ದೊಡ್ಡಮ್ಮ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಅರವತ್ತು ದಾಟಿದ ಹೆಂಗಸು. ಒಂದು ಕಾಲಕ್ಕೆ ಅವರು ಕಳೆ ಕಿತ್ತ ಹೊಲ ಈಗ ಲೇಔಟು. ಇಬ್ಬರು ಗಂಡುಮಕ್ಕಳೂ ಕಟ್ಟಡದ ಕೆಲಸದಲ್ಲಿ ನಾಲ್ಕು ಜನಕ್ಕೆ ಗೊತ್ತಿರುವವರು. ಆ ಮನೆಯ ಮದುವೆಗಳಿಗೆಲ್ಲ ರವಿಕೆ ಹೊಲಿದವಳು ನಾನು. ದೊಡ್ಡಮ್ಮ ಸೀರೆ ಬಿಟ್ಟು ಬೇರೇನನ್ನೂ ಉಟ್ಟದ್ದನ್ನು ನಾನು ನೋಡಿರಲಿಲ್ಲ.

ಹಿರಿ ಸೊಸೆ ವಿಷಯ ಬಿಡಿಸಿ ಹೇಳಿದಳು. ಪ್ರತಿ ಬೇಸಿಗೆಗೂ ಮನೆಯವರೆಲ್ಲ ಒಟ್ಟಿಗೆ ದೇವಸ್ಥಾನಗಳಿಗೆ ಹೋಗಿಬರುತ್ತಿದ್ದರು. ಹೋದ ವರ್ಷ ಮೊದಲ ಸಲ ಹಿರಿ ಮಗ, ಅಂದರೆ ಅವಳ ಗಂಡ, ಕಾರವಾರದ ಕಡೆ ಸಮುದ್ರದ ದಂಡೆಯ ರೆಸಾರ್ಟೊಂದಕ್ಕೆ ಕರೆದುಕೊಂಡು ಹೋಗಿದ್ದ. ಗಂಡಸರು ನೀರಿನಲ್ಲಿದ್ದರು. ಹೆಂಗಸರು ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರ ಫೋನು, ಪರ್ಸು, ಕೊರಳ ಚೈನುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ರೆಸಾರ್ಟಿನ ಈಜುಕೊಳಕ್ಕಾದರೂ ಇಳಿಯೋಣ ಎಂದರೆ ಅಲ್ಲಿ ಸೀರೆ, ನೈಟಿ, ಚೂಡಿದಾರ ಯಾವುದೂ ಕೂಡದು. ಹತ್ತಿ ಬಟ್ಟೆಯ ನೂಲು ಹೋಗಿ ಪೈಪಿಗೆ ಕಟ್ಟಿಕೊಳ್ಳುತ್ತದಂತೆ. ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದಕ್ಕೂ ಅಲ್ಲಿಯವನು ಬಂದು ಏಳಿಸಿದನಂತೆ.

“ಅವತ್ತಿಂದ ಒಂದೇ ಮಾತು ಅಕ್ಕ. ನಾನೂ ಈಜ್ತಿದ್ದೆ, ನಾನೂ ಈಜ್ತಿದ್ದೆ ಅಂತ. ಮುಂದಿನ ತಿಂಗಳು ಮತ್ತೆ ಅಲ್ಲಿಗೇ ಹೋಗ್ತಿದ್ದೀವಿ.”

“ರೆಡಿಮೇಡ್ ಸಿಗಲ್ವಾ?”

“ಅತ್ತೆ ಸೈಜಿಗೆ ಸಿಗಲ್ಲ. ಸಿಕ್ಕಿದ್ರೂ, ಮನೆಗೆ ಏನ್ ಪಾರ್ಸಲ್ ಬಂದ್ರೂ ಮೊದಲು ಬಿಚ್ಚಿ ನೋಡೋದು ನಮ್ಮೆಜಮಾನ್ರು.”

ನಾನು ಆ ಬಗೆಯ ಬಟ್ಟೆ ಹೊಲಿದವಳಲ್ಲ. ಬೇಡ ಅನ್ನಬಹುದಿತ್ತು. ಆದರೆ ವರ್ಷಾನುಗಟ್ಟಲೆ ಅದೇ ಬೋಟ್ ನೆಕ್ಕು, ಅದೇ ಬೆನ್ನಿನ ಡೋರಿ, ಅದೇ ಪಫ್ ತೋಳು ಹೊಲಿದ ಕೈಗೆ ಹೊಸದೊಂದು ಸಿಕ್ಕರೆ ತುರಿಕೆ ಹತ್ತುತ್ತದೆ. ಒಪ್ಪಿಕೊಂಡೆ. ಸಂಜೆ ನನ್ನ ಗಂಡನಿಗೆ ಹೇಳಿದಾಗ ಅವರು ಟೀ ಲೋಟದಿಂದ ತಲೆಯೆತ್ತದೆ, “ದೊಡ್ಡೋರ ಮನೆ ವಿಷ್ಯ. ಹೊಲಿ, ಕೊಡು, ಸುಮ್ನಿರು,” ಅಂದರು.

ಬಟ್ಟೆ ಹುಡುಕುವುದೇ ಮೊದಲ ಕಷ್ಟವಾಯಿತು. ಚಿಕ್ಕಪೇಟೆಯಲ್ಲಿ ಅಂಗಡಿ ಅಂಗಡಿ ಸುತ್ತಿದೆ. ಹಿಗ್ಗುವ ಬಟ್ಟೆ ಬೇಕು ಎಂದರೆ ಲೆಗ್ಗಿಂಗ್ಸಿನ ಬಟ್ಟೆ ಬಿಚ್ಚಿ ಹರಡುತ್ತಿದ್ದರು. ಅದರಲ್ಲಿ ಹತ್ತಿ ಬೆರೆತಿರುತ್ತದೆ; ನೀರು ಕುಡಿದರೆ ಜೋತು ಬೀಳುತ್ತದೆ. ನನಗೆ ಬೇಕಾಗಿದ್ದು ಪೂರ್ತಿ ನೈಲಾನಿನ, ನಾಲ್ಕೂ ಕಡೆ ಹಿಗ್ಗಿ ಬಿಟ್ಟರೆ ಸರಕ್ಕನೆ ಮೊದಲಿನಂತಾಗುವ ಬಟ್ಟೆ. ಕೊನೆಗೆ ಡ್ಯಾನ್ಸ್ ಶಾಲೆಗಳಿಗೆ ಉಡುಪು ಹೊಲಿಯುವವರಿಗೆ ಮಾರುವ ಒಂದು ಸಣ್ಣ ಅಂಗಡಿಯಲ್ಲಿ ಸಿಕ್ಕಿತು. ಸೊಸೆಯರಿಗೆ ನೀಲಿ ತೆಗೆದೆ. ದೊಡ್ಡಮ್ಮ ಮಾತ್ರ ಅರಿಶಿನದ ಬಣ್ಣವೇ ಬೇಕೆಂದು ಹೇಳಿಕಳಿಸಿದ್ದರು. ಮಸುಕು ಬಣ್ಣ ಒದ್ದೆಯಾದರೆ ಮೈ ತೋರುತ್ತದೆ ಎಂದು ಫೋನಿನಲ್ಲಿ ಹೇಳಿದೆ.

“ಹಂಗಾದ್ರೆ ಎರಡು ಪದರ ಆಕಮ್ಮ,” ಅಂದರು. “ಕರೀದು, ನೀಲಿ ಎಲ್ಲ ಈ ವಯಸ್ನಲ್ಲಿ ಯಾಕೆ? ನಾನೇನ್ ಸೂತಕದ ನೀರಿಗೆ ಓಗ್ತಿದ್ದೀನಾ?”

ಅಳತೆಗೆ ಅವರು ಅಂಗಡಿಗೇ ಬಂದರು. ಷಟರು ಅರ್ಧ ಇಳಿಸಿ ಪರದೆ ಎಳೆದೆ. ರವಿಕೆಗೆ ಎದೆ, ಸೊಂಟ, ತೋಳು, ಬೆನ್ನು ಅಳೆದರೆ ಮುಗಿಯಿತು. ಇದಕ್ಕೆ ಹೆಗಲಿನಿಂದ ತೊಡೆಸಂದಿನ ಮೂಲಕ ಮತ್ತೆ ಹೆಗಲಿಗೆ ಟೇಪು ತರಬೇಕು, ತೊಡೆಯ ಸುತ್ತಳತೆ, ಮಂಡಿ, ಮೀನಖಂಡ ಎಲ್ಲ ಬೇಕು. ಟೇಪು ತೊಡೆಗೆ ಬಂದಾಗ ದೊಡ್ಡಮ್ಮ ಗೋಡೆಯ ಕ್ಯಾಲೆಂಡರಿನ ಕಡೆಗೆ ಮುಖ ತಿರುಗಿಸಿಕೊಂಡರು.

“ಈ ತೊಡೇನ ಬೆಳಕಲ್ಲಿ ನೋಡಿದೋಳು ನೀನೇ ಮೊದಲ್ನೇವ್ಳು ಕಣಮ್ಮ. ನಮ್ಮನೆಯೋರೂ ನೋಡ್ಲಿಲ್ಲ, ಪಾಪ.”

ಇಬ್ಬರೂ ನಕ್ಕೆವು. ಆಮೇಲೆ ಅವರು ತಾವಾಗಿಯೇ ಹೇಳಿದರು. ತವರಿನಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯಿತ್ತಂತೆ. ಅವರ ಅಪ್ಪ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೂಕುತ್ತಿದ್ದರಂತೆ. ಬುರುಡೆ ಬಿಚ್ಚಿದ ಮೇಲೂ ಮೀನಿನ ಹಾಗೆ ಈಜುತ್ತಿದ್ದರಂತೆ, ಅಣ್ಣಂದಿರಿಗಿಂತ ಮುಂದೆ.

“ಮೈನೆರೆದ್ಮೇಲೆ ಬಾವಿ ತಾವ ಓಗಂಗಿಲ್ಲ ಅಂದ್ರು. ನಾನೂ ಓಗ್ಲಿಲ್ಲ. ಈಗ ಮಾಡಕ್ ಕೆಲ್ಸ ಇಲ್ವಲ್ಲ, ಕೂತ್ರೆ ಅದೇ ಗ್ಯಾನ. ಕೈಕಾಲು ಇನ್ನೂ ನೆಪ್ಪಿಟ್ಕೊಂಡವಾ ಇಲ್ವಾ, ಒಂದ್ಸಲ ನೋಡ್ಬೇಕು, ಅಷ್ಟೇಯ.”

ಹೊಲಿಗೆ ಶುರು ಮಾಡಿದೆ. ಮೊದಲನೆಯದು ನನ್ನದೇ ಅಳತೆಗೆ, ಪರೀಕ್ಷೆಗೆಂದು. ಮಾಮೂಲಿ ಸೂಜಿ ಬಟ್ಟೆಯ ಎಳೆಯನ್ನೇ ಕಡಿದು ಸಾಲು ಸಾಲು ತೂತು ಮಾಡಿತು. ಮೊಂಡು ತುದಿಯ ಸೂಜಿ ತಂದೆ. ಬಟ್ಟೆ ಮಿಷನ್ನಿನ ಹಲ್ಲಿಗೆ ಸಿಗದೆ ಜಾರುತ್ತಿತ್ತು. ಅಡಿಯಲ್ಲಿ ಪೇಪರಿನ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದೆ. ಹೊಲಿದದ್ದನ್ನು ಹಾಕಿಕೊಂಡು ಕೈ ಎತ್ತಿದೆ, ಕಂಕುಳಿನಲ್ಲಿ ದಾರ ಪಟಪಟನೆ ತುಂಡಾಯಿತು. ಬಟ್ಟೆ ಹಿಗ್ಗುತ್ತದೆ, ನೂಲು ಹಿಗ್ಗುವುದಿಲ್ಲ. ಅದಕ್ಕೆ ಓವರ್‌ಲಾಕ್ ಮಿಷನ್ನಿನಲ್ಲಿ ಹಿಗ್ಗುವ ನೈಲಾನ್ ದಾರ ಹಾಕಿ, ಕಂಕುಳಿಗೆ ಚೌಕದ ತುಂಡೊಂದನ್ನು ಕೂಡಿಸಿದೆ. ನಮ್ಮ ಅಜ್ಜಿಯರ ಕಾಲದ ರವಿಕೆಗೆ ಹಾಕುತ್ತಿದ್ದರಲ್ಲ, ಹಾಗೆ.

ಎರಡನೇ ಪರೀಕ್ಷೆಗೆ ಬಚ್ಚಲಿನಲ್ಲಿ ನಿಂತು ಮೈಮೇಲೆ ಬಕೆಟ್ಟು ಸುರಿದುಕೊಂಡೆ. ಬಟ್ಟೆ ತಡೆಯಿತು. ಆದರೆ ನೀರು ಸುರಿದುಕೊಳ್ಳುವುದು ಬೇರೆ, ನೀರಿನೊಳಗೆ ಇರುವುದು ಬೇರೆ. ಮನೆಯ ಸಿಮೆಂಟ್ ತೊಟ್ಟಿಗೆ ಇಳಿದು ಕುಕ್ಕರುಗಾಲಿನಲ್ಲಿ ಕೂತೆ. ಲಂಗ ಕೊಡೆಯ ಹಾಗೆ ಬಿಚ್ಚಿಕೊಂಡು ತೇಲಿ ಗಲ್ಲಕ್ಕೆ ಬಂತು. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿ ವಾಪಸು ಹೋದರು. ಲಂಗದ ಎರಡೂ ಬದಿಯನ್ನು ಒಳಗಿನ ಕಾಲಿಗೆ ಹಿಗ್ಗುವ ಪಟ್ಟಿಯಿಂದ ಹಿಡಿಸಿದ ಮೇಲೆ ಅದು ಜಾಗದಲ್ಲೇ ನಿಂತಿತು. ಮೂರನೇ ಸಲ ತೊಟ್ಟಿಗೆ ಇಳಿದಾಗ ಎಲ್ಲೂ ಏಳಲಿಲ್ಲ, ಬಿರಿಯಲಿಲ್ಲ, ಮೈ ತೋರಲಿಲ್ಲ. ಮದುವೆಯ ರವಿಕೆಗಳು ಆ ವಾರ ತಡವಾದವು. ಗಿರಾಕಿಗಳು ಬಯ್ದರು. ನನಗೆ ಅದೇನೂ ಅನ್ನಿಸಲಿಲ್ಲ.

ಕೊಡಲು ಹೋದಾಗ ದೊಡ್ಡಮ್ಮ, ನೀನೂ ಬಾ ಅಂದರು. “ಅಲ್ಲಿ ಎಲ್ಲಾನಾ ಒಲ್ಗೆ ಪಿಸುಗಿದ್ರೆ ನಾನು ಯಾರ್ನ ಕೂಗ್ಲಿ?” ಗಂಡಸರಿಗೆ, ದೊಡ್ಡಮ್ಮನ ಜೊತೆಗೆ ಒಬ್ಬರು ಇರಲಿ ಅಂತ ಹೇಳಿ ಒಪ್ಪಿಸಿದ್ದಾಯಿತು. ನಾನು ಸಮುದ್ರ ನೋಡಿರಲಿಲ್ಲ. ಅಂಗಡಿ ಮುಚ್ಚಿ ಹೊರಟೆ.

ದೊಡ್ಡಬಳ್ಳಾಪುರ ರಸ್ತೆಯಿಂದ ಟೆಂಪೊ ಟ್ರಾವೆಲರ್ ದಾಬಸ್‌ಪೇಟೆಯ ಹತ್ತಿರ ಹೆದ್ದಾರಿ ಹಿಡಿಯಿತು. ಮೂರು ಉಡುಪುಗಳೂ ಹಿರಿ ಸೊಸೆಯ ಸೂಟ್‌ಕೇಸಿನ ತಳದಲ್ಲಿ, ಲಂಗಗಳ ನಡುವೆ ಇದ್ದವು. ಸಂಜೆ ಘಟ್ಟ ಇಳಿಯುತ್ತಿದ್ದ ಹಾಗೆ ಕಿಟಕಿಯ ಗಾಳಿ ಬಿಸಿ ಬಟ್ಟೆಯ ಹಾಗೆ ಮುಖಕ್ಕೆ ಅಂಟಿತು. ಯಲಹಂಕದ ಬಿಸಿಲಿನಲ್ಲಿ ನೆರಳಿಗೆ ಹೋದರೆ ತಂಪು. ಅಲ್ಲಿ ನೆರಳೂ ಬೆವರುತ್ತಿತ್ತು.

ರೆಸಾರ್ಟಿನ ಒಳಗೆ ಹೋಗುತ್ತಲೇ ಗೋಡೆಯ ಮೇಲೆ ಒಂದು ದೊಡ್ಡ ಬೋರ್ಡು. ಇಲ್ಲಿ ಏನೇನು ಮಾಡಬಹುದು ಅಂತ ಚಿತ್ರಗಳ ಸಮೇತ ಹಾಕಿದ್ದರು. ದೋಣಿ ಎಳೆಯುವ ಬಾಳೆಹಣ್ಣಿನಾಕಾರದ ರಬ್ಬರು, ನೀರಿನ ಸ್ಕೂಟರು, ಪ್ಯಾರಾಚೂಟು ಕಟ್ಟಿಕೊಂಡು ಹಾರುವುದು, ಡಾಲ್ಫಿನ್ ನೋಡುವುದು, ಹಿನ್ನೀರಿನಲ್ಲಿ ಹುಟ್ಟು ಹಾಕುವುದು, ಗುಡ್ಡ ಹತ್ತಿ ಸೂರ್ಯ ಮುಳುಗುವುದನ್ನು ನೋಡುವುದು. ಚಿತ್ರಗಳಲ್ಲಿ ನಗುತ್ತಿದ್ದವರಲ್ಲಿ ಅರ್ಧಕ್ಕರ್ಧ ಹೆಂಗಸರೇ. ದೊಡ್ಡಮ್ಮ ಒಂದೊಂದನ್ನೂ ಬೆರಳಿಟ್ಟು ನೋಡಿ, “ಇವ್ರೆಲ್ಲ ಯಾವ ಊರೋರು?” ಅಂತ ಕೇಳಿದರು. ಗೊತ್ತಿಲ್ಲ ದೊಡ್ಡಮ್ಮ ಅಂದೆ.

ಮಾರನೆಯ ದಿನ ಆ ಬೋರ್ಡಿನಲ್ಲಿದ್ದ ಹೆಚ್ಚು ಕಡಿಮೆ ಎಲ್ಲವನ್ನೂ ಗಂಡಸರು ಮಾಡಿದರು. ದೊಡ್ಡಮ್ಮನ ಇಬ್ಬರು ಮಕ್ಕಳೂ ಬರೀ ಚಡ್ಡಿಯಲ್ಲಿ, ಬರಿಮೈಯಲ್ಲಿ ಆ ರಬ್ಬರಿನ ಮೇಲೆ ಕೂತು, ದೋಣಿಯವನು ಬೇಕೆಂದೇ ಕೆಡವಿದಾಗ ಬಿದ್ದು ಎದ್ದು, ಕೇಕೆ ಹಾಕಿ ನಗುತ್ತಿದ್ದರು. ಹಿರಿ ಮಗ ಪ್ಯಾರಾಚೂಟಿನಲ್ಲಿ ಹಾರಿದಾಗ ಕಿರಿ ಮಗ ಕೆಳಗಿನಿಂದ ವಿಡಿಯೊ ಮಾಡಿದ. ನಾವು ಹೆಂಗಸರು ಕುರ್ಚಿಗಳಲ್ಲಿ ಕೂತಿದ್ದೆವು. ಹಿರಿ ಸೊಸೆ ಹೇಳಿದ್ದು ಸುಳ್ಳಲ್ಲ. ನನ್ನ ಮಡಿಲಿಗೂ ಎರಡು ಫೋನು, ಒಂದು ವಾಚು ಬಂದು ಬಿದ್ದವು. ಸೆರಗಿನ ತುದಿಯಲ್ಲಿ ಮರಳು ಕೂರುತ್ತಿತ್ತು. ಎಳನೀರು ಕುಡಿದೆವು. ಮತ್ತೆ ಎಳನೀರು ಕುಡಿದೆವು. ಹೆಂಗಸರಿಗೂ ಏನಾದರೂ ಬೇಕಲ್ಲ ಎಂದು ಮಧ್ಯಾಹ್ನ ಡಾಲ್ಫಿನ್ ದೋಣಿಗೆ ಹತ್ತಿಸಿದರು. ಡೀಸೆಲ್ ವಾಸನೆಗೆ ಕಿರಿ ಸೊಸೆ ವಾಂತಿ ಮಾಡಿಕೊಂಡಳು. ದೂರದಲ್ಲಿ ಕಪ್ಪಗೆ ಏನೋ ಎದ್ದು ಮುಳುಗಿತು. ಅದೇ ಡಾಲ್ಫಿನ್ ಅಂದ ದೋಣಿಯವನು. ಅಲೆಯೂ ಇರಬಹುದು.

ದೊಡ್ಡಮ್ಮ ದೋಣಿಯ ಅಂಚಿನಿಂದ ಕೈ ಇಳಿಬಿಟ್ಟು ನೀರನ್ನು ಸೀಳುತ್ತಾ ಕೂತಿದ್ದರು. “ಉಪ್ಪು ನೀರು ಮೈನ ಎತ್ತಿ ಇಡೀತದಂತೆ,” ಅಂದರು ನನ್ನ ಕಿವಿಯ ಹತ್ತಿರ. ಸಮುದ್ರಕ್ಕೆ ಇಳಿಯುವ ಮಾತು ಬೇಡ, ಕೊಳವೇ ಆಗಲಿ ಎಂದು ಮೊದಲೇ ಆಡಿಕೊಂಡಿದ್ದೆವು. ಗಂಡಸರು ಕುಡಿದು ಮಲಗಿದರೆ ಬೆಳಗ್ಗೆ ತಿಂಡಿಯ ಹೊತ್ತಿಗೇ ಏಳುವುದು. ಅಷ್ಟರೊಳಗೆ ಮುಗಿಸಿಬಿಡಬೇಕು.

ಬೆಳಗ್ಗೆ ಕೊಳದ ಗೇಟು ತೆಗೆಯುವಾಗ ನಾವು ಅಲ್ಲಿದ್ದೆವು. ಮೂವರೂ ಉಡುಪಿನ ಮೇಲೆ ಸೀರೆ ಸುತ್ತಿಕೊಂಡಿದ್ದರು. ಕಾವಲಿನವನು ಅಡ್ಡ ಬಂದ. ಹಿರಿ ಸೊಸೆ ಸೆರಗು ಸರಿಸಿ ತೋಳು ಚಾಚಿದಳು. ಅವನು ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, “ಕಾಟನ್ ಅಲ್ಲ ತಾನೆ. ಸರಿ, ಸ್ನಾನ ಮಾಡಿ ಇಳೀರಿ,” ಅಂದ. ಅಷ್ಟೇ. ಅಷ್ಟಕ್ಕಾಗಿ ನಾವು ಇಷ್ಟೆಲ್ಲ ಮಾಡಿದ್ದೆವು.

ಸೊಸೆಯಂದಿರು ಸೊಂಟದ ಮಟ್ಟದ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ದೊಡ್ಡಮ್ಮ ಏಣಿಯಿಂದ ಹಿಮ್ಮುಖವಾಗಿ, ಅಟ್ಟದಿಂದ ಇಳಿಯುವ ಹಾಗೆ, ಒಂದೊಂದೇ ಮೆಟ್ಟಿಲು ಇಳಿದರು. ಕತ್ತಿನವರೆಗೂ ನೀರು ಬಂದಾಗ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಗೋಡೆಯನ್ನು ಕಾಲಿನಿಂದ ಒದ್ದರು.

ನಾನು ಆಗ ಅವರ ಮುಖ ನೋಡಲಿಲ್ಲ. ಕಂಕುಳಿನ ಹೊಲಿಗೆ ನೋಡುತ್ತಿದ್ದೆ. ಕೈ ಮುಂದೆ ಚಾಚಿದಾಗ ಚೌಕದ ತುಂಡು ಹಿಗ್ಗಿತು, ಹಿಂದೆ ಬಂದಾಗ ಕೂತಿತು. ಲಂಗ ಏಳಲಿಲ್ಲ. ಎರಡು ಪದರದ ಅರಿಶಿನ ಬಣ್ಣ ಒದ್ದೆಯಾಗಿ ಕಡುವಾಯಿತೇ ಹೊರತು ಮೈ ಬಿಟ್ಟುಕೊಡಲಿಲ್ಲ. ಅದೆಲ್ಲ ಖಾತ್ರಿಯಾದ ಮೇಲೆ ನೋಡಿದೆ: ದೊಡ್ಡಮ್ಮ ಕೊಳದ ನಟ್ಟನಡುವೆ ಇದ್ದರು. ಈಗಿನವರು ಕಲಿಸುವ ಈಜಲ್ಲ. ತಲೆ ಮೇಲೆತ್ತಿ, ಕೈಯಿಂದ ನೀರನ್ನು ಎದೆಯ ಕಡೆಗೆ ಬಾಚಿ ಬಾಚಿ ಎಳೆದುಕೊಂಡು ಈಜುವ ಬಾವಿಯ ಈಜು. ಆಚೆ ಬದಿ ಮುಟ್ಟಿ, ತಿರುಗಿ, ಈಚೆ ಬಂದು, ಮತ್ತೆ ಹೋದರು. ಏದುಸಿರು ಬರುತ್ತಿತ್ತು. ಗಂಡ ಹೋದ ಮೇಲೂ ಬಿಡದಿದ್ದ ಹಣೆಯ ಕುಂಕುಮ ಕರಗಿ ಮೂಗಿನ ಮೇಲೆ ಇಳಿದಿತ್ತು. ಹಿರಿ ಸೊಸೆ ಅಳುತ್ತಿದ್ದಳು. ಯಾಕೆ ಅಂತ ಅವಳಿಗೂ ಗೊತ್ತಿರಲಿಕ್ಕಿಲ್ಲ.

ನನ್ನ ಕೈಕೆಲಸದ ಬಗ್ಗೆ ನನಗೆ ಅಷ್ಟು ಸಂತೋಷವಾದದ್ದು ಹಿಂದೆಯೂ ಇಲ್ಲ, ಆಮೇಲೂ ಇಲ್ಲ.

ಕಿರಿ ಮಗ ಅದಾಗಲೇ ಎದ್ದು ಕಾಫಿ ಲೋಟ ಹಿಡಿದು ಮಹಡಿಯ ಬಾಲ್ಕನಿಗೆ ಬಂದಿದ್ದು ನಮಗೆ ಕಾಣಲಿಲ್ಲ. ಅವನು ಕೆಟ್ಟವನಲ್ಲ. ಅಮ್ಮ ಈಜುವುದನ್ನು ನೋಡಿ ಖುಷಿಯಿಂದಲೇ ವಿಡಿಯೊ ಮಾಡಿ, “ನಮ್ಮವ್ವನ ಟ್ಯಾಲೆಂಟ್ ನೋಡ್ರಪ್ಪ,” ಅಂತ ಬರೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಆ ಗ್ರೂಪಿನಲ್ಲಿ ಸೋದರಮಾವಂದಿರು, ಬೀಗರು, ಷಡ್ಡಕರು, ದಾಯಾದಿಗಳು, ಎಲ್ಲರೂ ಇದ್ದರು. ಹಿಂದಿನ ದಿನ ಅದೇ ಗ್ರೂಪಿಗೆ ಅಣ್ಣತಮ್ಮಂದಿರ ಬರಿಮೈ ಚಿತ್ರಗಳು ಹೋಗಿ, ಹೆಬ್ಬೆಟ್ಟು, ಹೂವು ಬಂದಿದ್ದವು. ಈಗ ಬಂದದ್ದು ಬೇರೆ.

ತಿಂಡಿಯ ಹೊತ್ತಿಗೆ ಹಿರಿ ಮಗನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿತು. ಮೊದಲು ಯಾರೋ ನೆಂಟರು ನಗುತ್ತಾ ಕೇಳಿದರು. ಆಮೇಲೆ ಬೀಗರು ನಗದೆ ಕೇಳಿದರು. ವಿಡಿಯೊ ಅಷ್ಟರಲ್ಲಿ ಬೇರೆ ಬೇರೆ ಗ್ರೂಪುಗಳಿಗೆ ಹೋಗಿತ್ತು. ಕಿರಿ ಮಗ ಗಾಬರಿಯಿಂದ ತೆಗೆದುಹಾಕಿದ. ಬಿಟ್ಟ ಬಾಣ ಅದು, ಇನ್ನೆಲ್ಲಿ ಸಿಗುತ್ತದೆ.

ಹಿರಿ ಮಗ ಕೂಗಾಡಲಿಲ್ಲ. ನಮ್ಮನ್ನೆಲ್ಲ ತನ್ನ ಕೋಣೆಯ ಮುಂದಿನ ಜಗುಲಿಗೆ ಕರೆಸಿದ. ದೊಡ್ಡಮ್ಮ ಸೀರೆಯುಟ್ಟು, ಒದ್ದೆ ಕೂದಲಿಗೆ ಟವಲು ಸುತ್ತಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಸೊಸೆಯಂದಿರು ಕಂಬಕ್ಕೆ ಒರಗಿ ನಿಂತಿದ್ದರು. ನಾನು ಮೆಟ್ಟಿಲ ಹತ್ತಿರ.

“ಯಾರ ಐಡಿಯಾ ಇದು?” ಅಂದ. ಹೆಂಡತಿಯ ಮುಖ ನೋಡುತ್ತಲೇ ಕೇಳಿದ್ದು. “ನಿಂದೇ ತಾನೆ? ಊರೋರ ಮುಂದೆ ನಮ್ಮವ್ವನ್ನ ನಗೆಪಾಟ್ಲು ಮಾಡ್ಬೇಕು ಅಂತ ಎಷ್ಟು ದಿವ್ಸದಿಂದ ಪ್ಲಾನು?”

ಹಿರಿ ಸೊಸೆ ತಲೆ ತಗ್ಗಿಸಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಳು. ಅವನು ಮತ್ತೆ ಕೇಳಿದ, ದನಿ ಇನ್ನೂ ತಗ್ಗಿಸಿ. “ನಿಮ್ಮಪ್ಪನಿಗೆ ಫೋನ್ ಮಾಡ್ಲಾ? ಬಂದು ಕರ್ಕೊಂಡು ಹೋಗ್ಲಿ.”

ಅವನು ಅದನ್ನು ಸುಮ್ಮನೆ ಹೇಳುವವನಲ್ಲ ಎಂದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. ನಾನು ದೊಡ್ಡಮ್ಮನ ಕಡೆ ನೋಡಿದೆ. ಅವರೊಬ್ಬರು ಬಾಯಿ ಬಿಟ್ಟರೆ ಮುಗಿಯುತ್ತಿತ್ತು. ನನಗೆ ಆಸೆಯಾಗಿತ್ತು ಕಣೋ, ನಾನೇ ಹೊಲಿಸಿಕೊಂಡೆ, ಏನೀಗ ಅಂದಿದ್ದರೆ ಆ ಮಗ ತಾಯಿಗೆ ಏನು ಮಾಡಿಯಾನು?

ದೊಡ್ಡಮ್ಮ ಬಾಯಿ ಬಿಟ್ಟರು.

“ಅವ್ಳನ್ಯಾಕೆ ಅಂತೀಯ? ಈ ದರ್ಜಿಯೋಳು ಒಲ್ಕೊಂಡ್ ಬಂದ್ಳು. ಸಮುದ್ರುಕ್ಕೆ ಓದ್ರೆ ಎಲ್ರೂ ಇದ್ನೇ ಆಕೋದು ಅಂದ್ಳು. ಓದು ಬರ‍್ದ ನಂಗೇನ್ ಗೊತ್ತು? ಆಕ್ಕೊಂಡೆ.”

ನನ್ನ ಕಡೆ ನೋಡದೆ ಹೇಳಿದರು. ಎಲ್ಲರ ತಲೆಯೂ ಒಟ್ಟಿಗೆ ನನ್ನ ಕಡೆ ತಿರುಗಿತು.

ನನ್ನ ಹತ್ತಿರ ಉತ್ತರವಿತ್ತು. ಅರಿಶಿನದ ಬಣ್ಣ ಯಾರು ಕೇಳಿದ್ದು, ಎರಡು ಪದರ ಹಾಕು ಅಂದವರು ಯಾರು, ನೀನೂ ಬಾ ಅಂದವರು ಯಾರು, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ನಾನು ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಏನು ಅಂತಲೂ ಗೊತ್ತಿತ್ತು: ಇವಳ ಅಂಗಡಿಗೆ ಹೋಗಿ ಹೇಳಿಬಂದವಳು ಯಾರು? ಹಿರಿ ಸೊಸೆ ಈಗ ನನ್ನನ್ನೇ ನೋಡುತ್ತಿದ್ದಳು. ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ಹೌದು,” ಅಂದೆ. “ನಾನೇ ಹೇಳಿದ್ದು.”

ಹಿರಿ ಮಗ ನನ್ನನ್ನು ನೋಡಿದ. ನಂಬಿದನೋ, ನಂಬಿದರೆ ಅನುಕೂಲ ಎಂದು ನಂಬಿದನೋ, ಇವತ್ತಿಗೂ ಗೊತ್ತಿಲ್ಲ. “ನಿಮ್ಮನ್ನ ಮನೆಯೋರ್ ಥರ ನೋಡ್ಕೊಂಡ್ವಲ್ಲಮ್ಮ,” ಅಂದ. “ಗಾಡಿ ಕಳಿಸ್ತೀನಿ. ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ತಾರೆ.”

ಬ್ಯಾಗು ತೆಗೆದುಕೊಂಡು ಹೊರಗೆ ಬಂದಾಗ ದೊಡ್ಡಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಹಿರಿ ಸೊಸೆ ಓಡುತ್ತಾ ಬಂದು ಒಂದು ಪ್ಲಾಸ್ಟಿಕ್ ಚೀಲ ಕೈಗಿತ್ತಳು. ಮೂರೂ ಉಡುಪು, ಒದ್ದೆಯಾಗಿಯೇ ಮುದ್ದೆ ಮಾಡಿ ತುಂಬಿದ್ದಳು.

“ಇದು ಇಲ್ಲಿರೋದು ಬೇಡ ಅಕ್ಕ. ನೀವೇ ತಗೊಂಡೋಗಿ.”

“ನಿಮ್ಮತ್ತೆ ಏನಾದ್ರೂ ಹೇಳಿದ್ರಾ?”

“ಮಲಗಿದ್ದಾರೆ,” ಅಂದಳು. ಥ್ಯಾಂಕ್ಸ್ ಅಂತಲೋ ಏನೋ ಹೇಳಲು ಬಾಯಿ ತೆರೆದಳು. ಹಿಂದೆ ಯಾರೋ ಬಂದ ಸದ್ದಾಯಿತು. ಹೋದಳು.

ಬಸ್ಸಿನಲ್ಲಿ ಕಾಲ ಬಳಿ ಇಟ್ಟ ಚೀಲ ದಾರಿಯುದ್ದಕ್ಕೂ ತೊಟ್ಟಿಕ್ಕಿತು. ಕೊಳದ ನೀರಿನ ಔಷಧಿಯ ವಾಸನೆಗೆ ಪಕ್ಕದವರು ಕಿಟಕಿ ತೆಗೆದರು. ಸಮುದ್ರ ನೋಡಿಬಂದವಳ ಕಾಲಿಗೆ ಅದರ ನೀರು ತಾಗಿರಲಿಲ್ಲ ಅನ್ನುವುದು ಘಟ್ಟ ಹತ್ತಿದ ಮೇಲೆ ಹೊಳೆಯಿತು.

ಯಲಹಂಕದಲ್ಲಿ ನನಗಿಂತ ಮೊದಲೇ ಸುದ್ದಿ ತಲುಪಿತ್ತು. ಈ ಕಡೆಯ ಹಳೇ ಊರುಗಳ ಮನೆಗಳೆಲ್ಲ ಒಂದಲ್ಲ ಒಂದು ಕಡೆಯಿಂದ ನೆಂಟರೇ. ಯಾರೂ ಎದುರಿಗೆ ಬಂದು ಜಗಳವಾಡಲಿಲ್ಲ. ಕೊಟ್ಟ ರವಿಕೆ ಬಟ್ಟೆಗಳನ್ನು ಒಬ್ಬೊಬ್ಬರಾಗಿ ಬಂದು ವಾಪಸು ಇಸಕೊಂಡು ಹೋದರು. ಮದುವೆ ಮುಂದಕ್ಕೆ ಹೋಯಿತು ಅಂದರು ಒಬ್ಬರು. ಮಗಳೇ ಹೊಲಿಯೋಕೆ ಕಲೀತಿದ್ದಾಳೆ ಅಂದರು ಇನ್ನೊಬ್ಬರು. ಮರ್ಯಾದಸ್ಥರ ಮನೆ ಹೆಂಗಸರಿಗೆ ಚಡ್ಡಿ ಹೊಲಿದವಳು ಅಂತ ಹೂವಿನ ಅಂಗಡಿಯ ಹತ್ತಿರ ಹೇಳಿದ್ದು ನನ್ನ ಗಂಡನ ಕಿವಿಗೆ ಬಿತ್ತು. ಅವರು ಅದನ್ನು ನನಗೆ ಹೇಳಲಿಲ್ಲ. ಬೇರೆಯವರಿಂದ ನನಗೆ ಗೊತ್ತಾಯಿತು. ನೆಲದ ಮೇಲಿನ ರಾಶಿ ಕರಗಿತು. ಸ್ಟೂಲು ಖಾಲಿಯಾಯಿತು. ಕಪಾಟಿನಲ್ಲಿ ಎರಡು ಖಾನೆ ಮಾತ್ರ ತುಂಬಿದ್ದವು.

ಆ ನಡುವೆ ಪುಟ್ಟೇನಹಳ್ಳಿಯ ಅಪಾರ್ಟ್‌ಮೆಂಟಿನಿಂದ ಒಬ್ಬಾಕೆ ಬಂದಳು. ಯಾರೋ ಕಳಿಸಿದ ವಿಡಿಯೊ ನೋಡಿದ್ದಳಂತೆ. “ಆ ಆಂಟಿ ಹಾಕ್ಕೊಂಡಿದ್ರಲ್ಲ, ಯೆಲ್ಲೋ ಕಲರ್, ಸೂಪರಾಗಿತ್ತು. ಅದೇ ಥರ ನಮ್ಮಮ್ಮಂಗೆ ಬೇಕು,” ಅಂದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಬಟ್ಟೆ ಸಿಗುವ ಅಂಗಡಿ, ಸೂಜಿಯ ನಂಬರು, ಕಂಕುಳಿಗೆ ಹಾಕುವ ತುಂಡು, ಎಲ್ಲ ನನಗೆ ಗೊತ್ತು. ಆಗುವುದಿಲ್ಲ, ಸಮಯವಿಲ್ಲ ಅಂದೆ. ಖಾಲಿ ಕಪಾಟಿನ ಮುಂದೆ ಕೂತು ಹಾಗೆ ಹೇಳುವುದನ್ನು ಅವಳು ಹೇಗೆ ನಂಬಿದಳೋ.

ದೊಡ್ಡಮ್ಮನನ್ನು ನಾನು ಬಹಳ ಬಯ್ದಿದ್ದೇನೆ, ಮನಸ್ಸಿನಲ್ಲೇ. ಮಿಷನ್ ತುಳಿಯುತ್ತಾ ಬಯ್ಯುವುದು ರೂಢಿಯಾಗಿತ್ತು. ಅವರು ಮಾಡಿದ್ದರ ಲೆಕ್ಕಾಚಾರ ನನಗೆ ಅರ್ಥವಾಗದೆ ಇಲ್ಲ. ಸೊಸೆಯನ್ನು ಉಳಿಸಬೇಕಿತ್ತು, ಮಗನ ಮುಂದೆ ತನ್ನ ಹಿರಿತನವನ್ನೂ ಉಳಿಸಿಕೊಳ್ಳಬೇಕಿತ್ತು. ಅಲ್ಲಿದ್ದವರಲ್ಲಿ ಕಳೆದುಕೊಂಡರೆ ನಷ್ಟವಿಲ್ಲದವಳು ನಾನೊಬ್ಬಳೇ. ಅರ್ಥವಾದ ಮಾತ್ರಕ್ಕೆ ಹೊಟ್ಟೆಯೊಳಗಿನ ಕಹಿ ಕಡಿಮೆಯಾಗುತ್ತದೆ ಅನ್ನುವವರು ಒಂದು ಸಲ ನನ್ನ ಜಾಗದಲ್ಲಿ ನಿಂತು ನೋಡಲಿ.

ದೀಪಾವಳಿ ಕಳೆದ ಮೇಲೆ, ಒಂದು ಮಧ್ಯಾಹ್ನ, ಹಿರಿ ಸೊಸೆ ಬಂದಳು. ಬೀದಿಯ ತುದಿಯಲ್ಲೇ ಕಾರು ನಿಲ್ಲಿಸಿ ನಡೆದು ಬಂದಿದ್ದಳು. ಬೆಂಚಿನ ಮೇಲೆ ಕೂತು ಚೀಲದಿಂದ ರೇಷ್ಮೆ ರವಿಕೆ ಬಟ್ಟೆಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಮನೆಯಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥವಂತೆ. ಬೇರೆ ಕಡೆ ಕೊಟ್ಟು ನೋಡಿದರಂತೆ, ದೊಡ್ಡಮ್ಮನ ತೋಳಿಗೆ ಯಾರ ಹೊಲಿಗೆಯೂ ಕೂರುತ್ತಿಲ್ಲವಂತೆ. ಕೈ ಎತ್ತಿದರೆ ಬೆನ್ನು ಬಿಗಿಯುತ್ತದಂತೆ.

“ಅಕ್ಕ, ಒಂದ್ ಸಣ್ಣ ರಿಕ್ವೆಸ್ಟು,” ಅಂದಳು. “ಒಳಗಡೆ ನಿಮ್ ಅಂಗಡಿ ಲೇಬಲ್ ಹಾಕ್ತೀರಲ್ಲ, ಇದಕ್ಕೆ ಹಾಕ್ಬೇಡಿ. ನಮ್ಮೆಜಮಾನ್ರು ನೋಡಿದ್ರೆ ಮತ್ತೆ ಕಷ್ಟ.”

ನಾನು ಬಟ್ಟೆಗಳನ್ನು ಮುಟ್ಟಲಿಲ್ಲ.

“ದೊಡ್ಡಮ್ಮ ಏನಂದ್ರು?”

ಅವಳು ಚೀಲದ ಹಿಡಿಕೆ ಸರಿಮಾಡಿದಳು. ನಾನು ಏನನ್ನು ಕೇಳುತ್ತಿದ್ದೇನೆ ಅನ್ನುವುದು ಅವಳಿಗೆ ತಿಳಿಯಿತು ಅಂತ ನನಗೆ ಅನ್ನಿಸಿತು.

“ಅಳತೆ ಏನೂ ಬದಲಾಗಿಲ್ಲ, ಹಳೇದ್ರಲ್ಲೇ ಹೊಲಿಯೋಕೆ ಹೇಳು ಅಂದ್ರು.”

“ಮತ್ತೇನೂ ಹೇಳ್ಲಿಲ್ವಾ?”

“ಇಲ್ಲ ಅಕ್ಕ.”

ಒಪ್ಪಿಕೊಂಡಿದ್ದರೆ ಆ ಮನೆಯ ಕೆಲಸ ಕದ್ದುಮುಚ್ಚಿಯಾದರೂ ಮತ್ತೆ ಶುರುವಾಗುತ್ತಿತ್ತು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬರುತ್ತಿದ್ದರು. ಬಟ್ಟೆಗಳನ್ನು ಮಡಿಸಿ ಅವಳ ಚೀಲಕ್ಕೇ ಹಾಕಿದೆ.

“ಹಳೇ ಅಳತೆಗೆ ನಾನು ಹೊಲಿಯಲ್ಲ. ಲೇಬಲ್ ಬೇಡ ಅಂದ್ರೆ ಬೇಡ, ಅದು ದೊಡ್ಡದಲ್ಲ. ದೊಡ್ಡಮ್ಮನ್ನ ಕರ್ಕೊಂಡು ಬನ್ನಿ. ಇಲ್ಲಿ ಬಂದು ನನ್ನ ಮುಂದೆ ನಿಲ್ಲಲಿ, ಹೊಸದಾಗಿ ಅಳತೆ ತಗೋತೀನಿ. ಅವತ್ತೇ ಹೊಲಿದು ಕೊಡ್ತೀನಿ.”

“ಅವರು ಬರಲ್ಲ ಅಕ್ಕ.”

“ಕೇಳಿ ನೋಡಿ.”

ಅವಳು ಚೀಲ ಹಿಡಿದು ಎದ್ದಳು. ಮೆಟ್ಟಿಲಿಳಿಯುವ ಮುಂಚೆ ಬೀದಿಯ ಎರಡೂ ಕಡೆ ನೋಡಿದಳು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗು ಹೊದ್ದು ನಡೆದಳು.

ಆ ದಿನ ಕತ್ತಲಾಗುವವರೆಗೂ ಷಟರು ತೆಗೆದೇ ಇಟ್ಟಿದ್ದೆ. ಮರುದಿನವೂ. ನಿಶ್ಚಿತಾರ್ಥ ಮುಗಿಯಿತು ಅಂತ ಆಮೇಲೆ ಯಾರೋ ಹೇಳಿದರು. ದೊಡ್ಡಮ್ಮ ರವಿಕೆ ಕಾಣದ ಹಾಗೆ ಶಾಲು ಹೊದ್ದುಕೊಂಡೇ ಕೂತಿದ್ದರಂತೆ, ಜನ ಕಿಕ್ಕಿರಿದ ಆ ಸೆಖೆಯಲ್ಲೂ.